ಆವಾಜ್ ಇತ್ತು, ಚಿತ್ರ ಇರಲಿಲ್ಲ

ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ಅಂಚಿನ ಸಣ್ಣ ದೀಪ ಹತ್ತಿತು, ಒಂದಷ್ಟು ಹೊತ್ತಿಗೆ ಲ್ಯಾಪ್‌ಟಾಪ್ ಎಚ್ಚರವಾದಾಗ ಬರುವ ಪುಟ್ಟ ಸಂಗೀತವೂ ಬಂತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

“ಆವಾಜ್ ಬರ್ಲಾಕತ್ತದ ನೋಡ್ರಿ ಅಕ್ಕೋರೆ. ಅಂದ್ರ ಭಾಳ ಏನ್ ಕೆಟ್ಟಿಲ್ಲ, ಹೌದಲ್ರಿ?” ಎಂದರು ತಂದೆ.

ಪಕ್ಕದಲ್ಲಿ ನಿಂತಿದ್ದ ಮಗಳಿಗೆ ಆ ಸಂಗೀತ ಕೇಳಿಸಿರಲಿಲ್ಲ. ಹುಟ್ಟಿದಾಗಿನಿಂದಲೂ ಅವಳಿಗೆ ಏನೂ ಕೇಳಿಸದು. ಅವಳು ಪರದೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನನಗೆ ಪಿತ್ತ ನೆತ್ತಿಗೇರಿತು. “ಸಾಹೇಬ್ರ, ಆವಾಜ್ ಯಾರಿಗಿ ಬೇಕಾಗ್ಯಾದ್ರಿ ಇಲ್ಲಿ?” ಎಂದೆ. ಅವರು ಪೆಚ್ಚಾಗಿ ನಕ್ಕರು.

ನನ್ನ ಅಂಗಡಿ ಆಗ ನಾಸಿಕದ ದೇವಳಾಲಿ ಕ್ಯಾಂಪಿನಲ್ಲಿತ್ತು, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ. ಸಿಪಾಯಿಗಳ ಮನೆಯವರು ಮೊಬೈಲ್ ರೀಚಾರ್ಜಿಗೆ ಬರುತ್ತಿದ್ದರು. ಒಳಗಿನ ಮೇಜಿನ ಮೇಲೆ ನಾನು ಕಂಪ್ಯೂಟರ್, ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿರುತ್ತಿದ್ದೆ. ನಾನು ಬೀದರ ಜಿಲ್ಲೆಯ ಭಾಲ್ಕಿ ಕಡೆಯವಳು. ಬಾಯಿ ಸ್ವಲ್ಪ ಜೋರು ಎಂದು ಎಲ್ಲರಿಗೂ ಗೊತ್ತು. ಆದರೂ ಊರ ಆ ತುದಿಯಿಂದ ಕನ್ನಡದವರು ಹುಡುಕಿಕೊಂಡು ಬರುತ್ತಿದ್ದರು. “ಮರಾಠ್ಯಾಗ ಬೈಸ್ಕೊಳ್ಳೋಕಿಂತ ಕನ್ನಡದಾಗ ಬೈಸ್ಕೊಂಡ್ರ ಮನಸ್ಸಿಗಿ ಹಗುರ ಆಗ್ತದ್ರಿ” ಎನ್ನುತ್ತಿದ್ದರು ಇದೇ ತಂದೆ. ಅವರು ಕಲಬುರಗಿ ಕಡೆಯವರು, ಬ್ಯಾಂಕಿನ ನೌಕರಿ. ಮಹಾರಾಷ್ಟ್ರದಲ್ಲೇ ಊರೂರು ವರ್ಗವಾಗಿ ಕೊನೆಗೆ ಇಲ್ಲಿಗೆ ಬಂದು, ಪಿಂಪಳಗಾಂವ್ ಬಸವಂತದ ಶಾಖೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅಂದು ಕೂಡ ಅಲ್ಲಿಂದ ನನಗೊಂದು ಚೀಲ ದ್ರಾಕ್ಷಿ ತಂದಿದ್ದರು, ಲಂಚದ ಹಾಗೆ.

“ಏನ್ ಅವಸರ ಇಲ್ರಿ. ಆಕಿಗಿ ಟೈಂಪಾಸ್ ಅಷ್ಟೇ. ರವಿವಾರ ಮಾತ್ರ ನಮ್ಮ ಮನ್ಯಾಗ ಸ್ವಲ್ಪ ಗಡಿಬಿಡಿ ಅದ, ಹುಡುಗನ ಕಡೆಯವ್ರಿಗಿ ಫೋನ್ ಮಾಡಿ ಹ್ಞೂಂ ಅಂತ ಹೇಳೋದದ. ಅಮಾಸಿ ಮುಂಚೆ ಆಗ್ಬೇಕಲ್ಲ. ಆಮ್ಯಾಗ ಸಾಖರಪುಡಾ.” ಸಾಖರಪುಡಾ ಎಂದರೆ ಇಲ್ಲಿ ನಿಶ್ಚಿತಾರ್ಥ. ನಾವೂ ಹಾಗೆಯೇ ಅನ್ನಲು ಕಲಿತಿದ್ದೆವು.

ಅದು ಗುರುವಾರ. ಅವರು ಯಾರದೋ ಫೋನ್ ಬಂತೆಂದು ಹೊರಗೆ ಹೋದರು. ಹುಡುಗಿ ಚಟ್ಟನೆ ತನ್ನ ಮೊಬೈಲ್ ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ ಮರಾಠಿ ಟೈಪ್ ಮಾಡಿ ನನ್ನ ಮೂಗಿನ ಮುಂದೆ ಹಿಡಿದಳು. ರವಿವಾರದ ಒಳಗೆ ಬೇಕೇ ಬೇಕು, ಎಂದಿತ್ತು. ಯಾಕೆ ಎಂದು ಕೈ ತಿರುಗಿಸಿದೆ. ಅವಳು ಬಾಗಿಲ ಕಡೆ ನೋಡಿ ಮತ್ತೆ ಟೈಪ್ ಮಾಡಿದಳು.

ವಿಷಯ ಇಷ್ಟು. ಹುಡುಗನೂ ಕಲಬುರಗಿ ಕಡೆಯವನೇ, ಔರಂಗಾಬಾದಿನಲ್ಲಿ ಕಾರ್ಖಾನೆಯ ಕೆಲಸ. ಅದೇ, ಈಗಿನ ಛತ್ರಪತಿ ಸಂಭಾಜಿನಗರ. ಅವನಿಗೂ ಕಿವಿ ಕೇಳಿಸದು. ಇವಳು ಓದಿದ್ದು ನಾಸಿಕದಲ್ಲಿ, ಕಿವುಡ ಮಕ್ಕಳ ಮರಾಠಿ ಶಾಲೆಯ ಹಾಸ್ಟೆಲಿನಲ್ಲಿ. ಕನ್ನಡದ ಒಂದಕ್ಷರ ಬಾರದು. ಅವನು ಓದಿದ್ದು ಕನ್ನಡದಲ್ಲಿ, ಮರಾಠಿ ಬಾರದು. ಹಾಗಾಗಿ ಎಸ್ಸೆಮ್ಮೆಸ್ಸಿನಲ್ಲಿ ಇಬ್ಬರಿಗೂ ಬರುವ ನಾಲ್ಕು ಇಂಗ್ಲಿಷ್ ಪದ, ಊಟ ಆಯಿತಾ, ಗುಡ್ ನೈಟ್, ಅಷ್ಟೇ. ಮಾತೆಂದರೆ ಕೈಮಾತು. ಅದಕ್ಕೆ ಲ್ಯಾಪ್‌ಟಾಪ್ ಬೇಕು, ಕ್ಯಾಮೆರಾ ಬೇಕು, ಪರದೆ ಬೇಕು. ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು.

ಬುಧವಾರ ಸಂಜೆ ಅವಳು ಅವನನ್ನು ಒಂದು ಪ್ರಶ್ನೆ ಕೇಳಿದ್ದಳು. ನಮಗೆ ಹುಟ್ಟುವ ಮಗುವಿಗೂ ಕೇಳಿಸದಿದ್ದರೆ ನೀನು ಅಳುತ್ತೀಯಾ? ಅವನು ಉತ್ತರಕ್ಕೆ ಕೈ ಎತ್ತಿದ. ಅಷ್ಟರಲ್ಲಿ ಪರದೆಯ ತುಂಬ ಗೆರೆ ಬಿದ್ದು ಎಲ್ಲ ಕಪ್ಪಾಯಿತು.

ಆ ಉತ್ತರ ನೋಡದೆ ನಾನು ಹ್ಞೂಂ ಅನ್ನುವುದಿಲ್ಲ, ಎಂದು ಕೊನೆಗೆ ಟೈಪ್ ಮಾಡಿದಳು. ಅಪ್ಪನಿಗೆ ಹೇಳಬೇಡಿ. ದೊಡ್ಡವರು ಕೇಳಿದರೆ ಅದು ಬೇರೆ ಪ್ರಶ್ನೆ ಆಗುತ್ತದೆ.

ಏನು ಹುಡುಗಿ, ಮಾರಾಯರೆ! ನಮ್ಮ ಮದುವೆಯ ಹೊತ್ತಿಗೆ ನಾನು ಕೇಳಿದ ಒಂದೇ ಪ್ರಶ್ನೆ, ಬಾಡಿಗೆ ಮನೆಯಲ್ಲಿ ನೀರು ಬರುತ್ತದೆಯಾ ಎಂದು. ನನ್ನ ಅಂಗಡಿಯ ಕಂಪ್ಯೂಟರಿಗೇ ಕ್ಯಾಮೆರಾ ಹಚ್ಚಿಕೊಡುತ್ತೇನೆ, ಇಲ್ಲಿಂದಲೇ ಕೇಳು ಎಂದು ಸೂಚಿಸಿದೆ. ಅವಳು ತೆರೆದ ಶಟರ್ ನೋಡಿದಳು, ರೀಚಾರ್ಜಿಗೆ ನಿಂತ ಗಂಡಸರನ್ನು ನೋಡಿದಳು, ತಲೆ ಅಲ್ಲಾಡಿಸಿದಳು. ಸೈಬರ್ ಕೆಫೆಯಲ್ಲಿ ಒಮ್ಮೆ ಕೂತಿದ್ದಾಗ ಹುಡುಗರು ಹಿಂದೆ ನಿಂತು ಅವಳ ಕೈ ನೋಡಿ ನಕ್ಕಿದ್ದರಂತೆ. ಮತ್ತೆ ನಾನು ಒತ್ತಾಯಿಸಲಿಲ್ಲ.

ಅವರು ಹೋದ ಮೇಲೆ ಮೇಜು ಒರೆಸಿ ಕೂತೆ. ಮೊದಲು ಮೆಮೊರಿ ತೆಗೆದು ಉಜ್ಜಿ ಹಾಕಿದೆ, ಏನೂ ಆಗಲಿಲ್ಲ. ಹೊರಗಿನ ಮಾನಿಟರ್ ಜೋಡಿಸಿ ನೋಡಿದೆ; ಅದರಲ್ಲೂ ಅವೇ ಗೆರೆ, ಆಮೇಲೆ ಕತ್ತಲೆ. ಅಂದರೆ ಪರದೆಯದೂ ತಪ್ಪಿಲ್ಲ, ಅದರ ವೈರಿನದೂ ಇಲ್ಲ. ಚಿತ್ರ ತಯಾರಾಗುವ ಜಾಗವೇ ಕೆಟ್ಟಿದೆ: ಗ್ರಾಫಿಕ್ಸ್ ಕಾರ್ಡ್. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಅದನ್ನು ಮುಖ್ಯ ಬೋರ್ಡಿಗೇ ಬೆಸೆದಿರುತ್ತಾರೆ, ಕೆಟ್ಟರೆ ಮುಗಿಯಿತು. ಇದು ಯಾರೋ ಸಂಬಂಧಿಕರು ಆಟ ಆಡಿ ಬೇಸರವಾಗಿ ಕೊಟ್ಟಿದ್ದ ದಪ್ಪನೆಯ ಯಂತ್ರ. ಕಾರ್ಡ್ ಬೇರೆಯೇ ಇತ್ತು, ಕೀಬೋರ್ಡಿನ ಕೆಳಗೆ, ಅಂಗೈಯಗಲದ ಹಸಿರು ಹಲಗೆ. ಕೀಬೋರ್ಡ್ ಎತ್ತಿ, ತಾಮ್ರದ ಕೊಳವೆಯ ಸ್ಕ್ರೂಗಳನ್ನು ಅಡ್ಡಡ್ಡ ಜೋಡಿಯಾಗಿ ಸಡಿಲಿಸಿ ಅದನ್ನು ಹೊರತೆಗೆದೆ. ಶಾಖ ಸಾಗಿಸುವ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಫ್ಯಾನಿನ ಬಾಯಿಗೆ ಧೂಳಿನ ಕಂಬಳಿಯೇ ಹೊದ್ದಿತ್ತು. ಹೀಗೆ ಬೆಂದರೆ ಚಿಪ್ಪಿನ ಅಡಿಯ ಬೆಸುಗೆ ಬಿರುಕು ಬಿಡದೆ ಇನ್ನೇನಾಗುತ್ತದೆ?

ಶುಕ್ರವಾರ ಬೆಳಿಗ್ಗೆ ನಮ್ಮ ಕಸುಬಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕಾರ್ಡಿನ ಸುತ್ತ ಫಾಯಿಲ್ ಸುತ್ತಿ, ಚಿಪ್ಪಿಗೆ ಮಾತ್ರ ಬಿಸಿಗಾಳಿ ಹಿಡಿದೆ. ಒಳಗಿನ ಬೆಸುಗೆ ಮೆತ್ತಗಾಗಿ ಬಿರುಕು ಕೂಡಿಕೊಳ್ಳಲಿ ಎಂದು. ತಣಿದ ಮೇಲೆ ಹೊಸ ಪೇಸ್ಟ್ ಹಚ್ಚಿ ಕೂರಿಸಿದೆ. ಬಟನ್ ಒತ್ತಿದರೆ, ಚಿತ್ರ ಬಂತು.

ಅಷ್ಟೊತ್ತಿಗೆ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಪರದೆ ಬೆಳಗಿದ್ದು ನೋಡಿ ಅವಳು ಎರಡು ಕೈಯಲ್ಲೂ ನನ್ನ ಕೆನ್ನೆ ಹಿಡಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಎದೆಗವಚಿಕೊಂಡು ಹೊರಟೇಬಿಟ್ಟಳು. ನಾನು ಅಡ್ಡ ನಿಂತೆ.

“ಕೊಟ್ಬಿಡ್ರಿ ಅಕ್ಕ, ನಿನ್ನೆಯಿಂದ ಊಟ ಬಿಟ್ಟಾಳ” ಎಂದರು ತಾಯಿ.

“ತಾಯಿ, ಇದು ಕಾಯಿಸಿ ನಿಲ್ಲಿಸಿದ್ದದ. ಯಾವಾಗ ಕೈ ಕೊಡ್ತದೋ ಗೊತ್ತಿಲ್ಲ.” ಹುಡುಗಿ ಕೈ ಸಡಿಲಿಸಲಿಲ್ಲ. ನಾನು ಅವಳ ಮೊಬೈಲ್ ಕಸಿದುಕೊಂಡು ಟೈಪ್ ಮಾಡಿದೆ: ಅವನು ಮತ್ತೆ ಕೈ ಎತ್ತಿದಾಗಲೇ ಹೋದರೆ? ಈ ಸಲ ನೀನೇ ಕರೆ ಕತ್ತರಿಸಿದೆ ಅಂದುಕೊಳ್ಳುವುದಿಲ್ಲವಾ?

ಅವಳು ಓದಿದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು, ಸ್ವಲ್ಪ ಜೋರಾಗಿಯೇ. ಸಿಟ್ಟಿನಲ್ಲಿ ನನಗೆ ಸರಿಸಮ.

ಕ್ಯಾಮೆರಾ ತೆರೆದು ಪರೀಕ್ಷೆಗೆ ಬಿಟ್ಟೆವು. ಹುಡುಗ ಕಾರ್ಖಾನೆಯಲ್ಲಿದ್ದ, ಸಂಜೆಯವರೆಗೆ ಸಿಗುತ್ತಿರಲಿಲ್ಲ. ಅವಳು ತನ್ನ ಮುಖವನ್ನೇ ಪರದೆಯಲ್ಲಿ ನೋಡಿಕೊಳ್ಳುತ್ತ ಜಡೆ ಸರಿಮಾಡಿಕೊಂಡಳು, ಬೊಟ್ಟು ತಿದ್ದಿಕೊಂಡಳು. ನಾವು ದ್ರಾಕ್ಷಿ ತಿಂದೆವು. ಬೀಜ ಉಗುಳುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಅರಿಶಿನ ಚೆಲ್ಲಿದ ಹಾಗೆ ಚುಕ್ಕೆ ಬಂದವು. ಅವಳ ಹಣೆಯ ಮೇಲೆ, ಕಣ್ಣಿನ ಮೇಲೆ, ಎಲ್ಲ ಕಡೆ. ಆಮೇಲೆ ಗೆರೆ, ಆಮೇಲೆ ಕಪ್ಪು. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ ಕೈ ಮಾತ್ರ ಬಿಚ್ಚಿದಳು: ಈಗ?

ಈಗ ಬೇರೆ ಕಾರ್ಡ್. ನಾಸಿಕದಲ್ಲಿ ಸಿಗುವ ಮಾತೇ ಇಲ್ಲ. ಔರಂಗಾಬಾದಿನ ಪೈಠಣ್ ಗೇಟ್ ಹತ್ತಿರ ಹಳೆಯ ಬಿಡಿಭಾಗ ಮಾರುವ ಮರಾಠಿ ಡೀಲರ್ ಒಬ್ಬನಿದ್ದ. ಅವನಿಗೆ ಫೋನ್ ಹಚ್ಚಿದೆ. ಕಾರ್ಡ್ ಇದೆ, ಮೇಲೆ ಗೀರು ಬಿದ್ದಿದೆ, ನಡೆಯುತ್ತದೆಯೇ ಎಂದು ಕೇಳಿದ. ಲೈನಿನಲ್ಲಿ ಗರಗರ. “ಪರವಾ ಇಲ್ಲ, ಪಾಠವಾ, ಪಾಠವಾ” ಎಂದು ಕೂಗಿದೆ. ಪಾಠವಾ ಎಂದರೆ ಮರಾಠಿಯಲ್ಲಿ ಕಳಿಸಿ. ಅವನು ಆಯಿತು ಎಂದ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುವುದು ನಮ್ಮ ರೂಢಿ.

ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ. ಔರಂಗಾಬಾದಿನ ಬಸ್ಸು ಬಂತು. ಕಂಡಕ್ಟರ್ ನನ್ನನ್ನು ಮೇಲೆ ಕೆಳಗೆ ನೋಡಿ ಪಾರ್ಸೆಲ್ ಇಲ್ಲ ಎಂದ. ಮುಂದಿನದರಲ್ಲೂ ಇಲ್ಲ. ಡೀಲರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ನೀವೇ ಅಂದಿರಲ್ಲ ಎಂದು ಅವನು ತಣ್ಣಗೆ ಹೇಳಿದ, “ಮ್ಯಾಡಮ್, ತುಮ್ಹೀಚ್ ಮ್ಹಣಾಲಾತ್ ನಾ, ಪರವಾ ಪಾಠವಾ?”

ತಲೆ ಚಚ್ಚಿಕೊಂಡೆ. ಮರಾಠಿಯಲ್ಲಿ ಪರವಾ ಎಂದರೆ ನಾಡಿದ್ದು! ನನ್ನ ಭಾಲ್ಕಿಯ ‘ಪರವಾ ಇಲ್ಲ’ದಲ್ಲಿ ‘ಇಲ್ಲ’ವನ್ನು ಆ ಗರಗರ ನುಂಗಿತ್ತು. ನಾಡಿದ್ದು ಕಳಿಸಿ ಎಂದು ನಾನೇ ಹೇಳಿದ ಹಾಗಾಯಿತು. ಅದೇ ಪದಕ್ಕೆ ಮೊನ್ನೆ ಎಂಬ ಅರ್ಥವೂ ಉಂಟು. ಮೊನ್ನೆಯೇ ಕಳಿಸಿ ಎಂದಳು ಅಂದುಕೊಳ್ಳಲಿಲ್ಲವಲ್ಲ ಪುಣ್ಯಾತ್ಮ. ಇಷ್ಟು ವರ್ಷ ಮಹಾರಾಷ್ಟ್ರದ ನೀರು ಕುಡಿದರೂ ಅವಸರದಲ್ಲಿ ನಾಲಿಗೆ ತನ್ನೂರಿಗೇ ಓಡುತ್ತದೆ. ಆದರೆ ನಾಡಿದ್ದೆಂದರೆ ರವಿವಾರ. ರವಿವಾರ ಸಂಜೆ ಪಾರ್ಸೆಲ್ ಬರುವ ಹೊತ್ತಿಗೆ ಹಿರಿಯರ ಫೋನ್ ಮುಗಿದು ಸಕ್ಕರೆ ಹಂಚಿಯಾಗಿರುತ್ತಿತ್ತು.

ಇನ್ನು ಫೋನನ್ನು ನಂಬುವುದು ಬೇಡವೆಂದು ಶನಿವಾರ ಬೆಳಿಗ್ಗೆ ಅಂಗಡಿ ಮುಚ್ಚಿ, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ನಾನೇ ಬಸ್ಸು ಹತ್ತಿದೆ. ನಿಫಾಡ್, ಯೇವಲಾ, ವೈಜಾಪುರ. ಬ್ಯಾಗನ್ನು ಇಡೀ ದಾರಿ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಪಕ್ಕದ ಹೆಂಗಸು ಕೂಸು ಏನೋ ಎಂದು ಟವೆಲಿನ ಅಂಚು ಸರಿಸಿ ನೋಡಿದಳು.

ಡೀಲರ್ ನನ್ನನ್ನು ಕಂಡೊಡನೆ “ಪರವಾ ಮ್ಯಾಡಮ್” ಎಂದು ನಕ್ಕ. ನಗಲಿ. ಗೀರು ಬಿದ್ದ ಕಾರ್ಡ್ ಕೊಟ್ಟ. ಕೂರಿಸಿ ಬಟನ್ ಒತ್ತಿದರೆ ಬರೀ ಬೀಪ್, ಬೀಪ್. ಆಕಾರ ಒಂದೇ ಆದರೂ ಅದು ಬೇರೆ ಕಂಪನಿಯ ಯಂತ್ರದ್ದು. ಇಂಥ ಯಂತ್ರಗಳು ತಮ್ಮ ಮನೆಯ ಕಾರ್ಡ್ ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಣ್ಣಿಗೆ ನೀರು ಬಂದದ್ದು ನಿಜ, ಯಾಕೆ ಮುಚ್ಚಿಡಲಿ.

ಆಗ ಕಂಡಿತು, ಅವನ ಗಾಜಿನ ಕಪಾಟಿನಲ್ಲಿ ಇದೇ ಮಾಡೆಲ್ಲಿನ ಇನ್ನೊಂದು ಲ್ಯಾಪ್‌ಟಾಪ್. ಚಹಾ ಬಿದ್ದು ಬೋರ್ಡ್ ಸತ್ತಿತ್ತು, ಆದರೆ ಕಾರ್ಡಿಗೆ ಏನೂ ಆಗಿರಲಿಲ್ಲ. ಅದನ್ನು ಬಿಚ್ಚುವುದಿಲ್ಲ, ಇಡಿಯಾಗಿ ಕೊಳ್ಳುವ ಗಿರಾಕಿ ಬರುತ್ತಾನೆ ಎಂದು ಡೀಲರ್ ಹಟ ಹಿಡಿದ. ಕೂಗಾಡಿದೆ. ಅವನೂ ಕೂಗಾಡಿದ. ಕೊನೆಗೆ ದನಿ ತಗ್ಗಿಸಿ, ಇದು ಕಿವಿ ಕೇಳಿಸದ ಹುಡುಗಿಯದು, ನಾಳೆ ಅವಳು ಒಬ್ಬರ ಹತ್ತಿರ ಮಾತಾಡಲೇಬೇಕು, ಅವಳಿಗೆ ಚಿತ್ರವೇ ದನಿ ಎಂದೆ. ಪ್ರಶ್ನೆ ಏನೆಂದು ಹೇಳಲಿಲ್ಲ. ಅದು ನನ್ನದಲ್ಲ.

ಅವನು ನನ್ನನ್ನು ನೋಡಿದ. “ಆಧೀ ಸಾಂಗಾಯಚಂ ನಾ ತಾಯಿ” ಎಂದ, ಮೊದಲೇ ಹೇಳಬಾರದಿತ್ತೇ ಎಂದು. ‘ಮ್ಯಾಡಮ್’ ಹೋಗಿ ‘ತಾಯಿ’ ಬಂದಿತ್ತು, ಮರಾಠಿಯಲ್ಲಿ ಅಕ್ಕ. ಕಪಾಟಿನ ಕೀಲಿ ತೆಗೆದ.

ಇಬ್ಬರೂ ಕೂತು ಬಿಚ್ಚಿದೆವು. ಹಳೆಯ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕಾರ್ಡನ್ನು ಓರೆಯಾಗಿ ಸಂದಿಗೆ ತೂರಿಸಿ ಮೆಲ್ಲಗೆ ಒತ್ತಿದೆ. ಚಿತ್ರ ಬಂತು. ಆದರೆ ಶಾಖ ನೋಡಿದರೆ ಸರಸರ ಏರುತ್ತಿದೆ. ಮತ್ತೆ ಬಿಚ್ಚಿದೆ. ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತೆಗಳು ದಪ್ಪಗಾಗಿ, ತಾಮ್ರದ ತಟ್ಟೆ ಮುಖ್ಯ ಚಿಪ್ಪಿಗೆ ತಾಗುತ್ತಲೇ ಇರಲಿಲ್ಲ. ನಡುವೆ ಕೂದಲೆಳೆಯ ಸಂದು. ತೆಳು ಮೆತ್ತೆ ಕತ್ತರಿಸಿ ಹಚ್ಚಿ, ಸ್ಕ್ರೂಗಳನ್ನು ಅಡ್ಡಡ್ಡ ಸಮನಾಗಿ ಬಿಗಿದೆ. ಈ ಸಲ ಶಾಖ ಏರಿ, ನಿಂತಿತು. ಆದರೂ ನಾನು ಏಳಲಿಲ್ಲ. ಒಂದು ಸಿನಿಮಾ ಹಾಕಿ ಪೂರ್ತಿ ಓಡಿಸಿದೆ, ಅದು ಮುಗಿದ ಮೇಲೆ ಮತ್ತೊಂದು.

ನಡುವೆ ಹುಡುಗಿಯ ತಂದೆಯ ಫೋನ್. “ಅಕ್ಕೋರೆ, ಹ್ಯಾಂಗೂ ಔರಂಗಾಬಾದ್ ಹೋಗೀರಿ. ಹುಡುಗನ ರೂಮ್ ಅಲ್ಲೇ ಅದ. ಒಂದ್ಸಲ ಹೋಗಿ ನೋಡ್ಕೊಂಡ್ ಬರ್ರಿ. ಮನಸ್ಸಿನ್ಯಾಗ ಏನದ ಅಂತ ತಿಳೀತದ.”

ಹೋಗಬೇಕೆಂದು ನನಗೂ ಆಸೆಯಾಯಿತು, ಸುಳ್ಳು ಹೇಳಲಾರೆ. ಮೂಗು ತೂರಿಸುವುದರಲ್ಲಿ ನಾನೇನು ಕಡಿಮೆಯವಳಲ್ಲ. ಅವನನ್ನು ಹಿಡಿದು ಕನ್ನಡದಲ್ಲಿ ಬರೆದು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ನನ್ನ ಕೈಯಲ್ಲಿರುತ್ತಿತ್ತು. ಆದರೆ ನಾನು ತಂದುಕೊಟ್ಟ ಉತ್ತರ ಅವಳಿಗೆ ಯಾತಕ್ಕೆ? “ನಾ ಕಾರ್ಡ್ ಹಾಕ್ಲಾಕ ಬಂದೀನ್ರಿ, ಹುಡುಗನ್ ನೋಡ್ಲಾಕ ಅಲ್ಲ” ಎಂದು ಫೋನ್ ಇಟ್ಟೆ.

ರವಿವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಹುಡುಗಿ ತನ್ನ ಕೋಣೆಯಲ್ಲಿ ಇಂಟರ್ನೆಟ್ಟಿನ ಡೇಟಾ ಕಾರ್ಡನ್ನು ಉದ್ದ ವೈರಿಗೆ ಕಟ್ಟಿ ಕಿಟಕಿಯ ಸರಳಿಗೆ ನೇತು ಹಾಕಿದ್ದಳು, ಸಿಗ್ನಲ್ಲಿಗೆ. ಬಟನ್ ಒತ್ತಿದೆ. ಸಂಗೀತ ಬಂತು. ಪರದೆ ಕಪ್ಪು.

“ಮತ್ತ ಆವಾಜ್ ಅಷ್ಟೇ ಏನ್ರಿ?” ಎಂದರು ಬಾಗಿಲಲ್ಲಿ ನಿಂತ ತಂದೆ. ಅವರನ್ನು ಒಂದು ನೋಟದಲ್ಲಿ ಸುಮ್ಮನಾಗಿಸಿ ಹಾಸಿಗೆಯ ಮೇಲೇ ಬಿಚ್ಚಿ ಕೂತೆ. ಯೇವಲಾ ರಸ್ತೆಯ ಗುಂಡಿಗಳು ಕಾರ್ಡನ್ನು ಒಂದೆಳೆ ಮೇಲೆಬ್ಬಿಸಿದ್ದವು. ಒತ್ತಿ, ಬಿಗಿದು, ಮುಚ್ಚಿದೆ. ಈ ಸಲ ಚಿತ್ರ ಬಂತು, ನಿಂತಿತು.

ಅವಳು ಕರೆ ಹಚ್ಚಿದಳು. ನಾನು ಏಳಹೊರಟರೆ ಮಣಿಕಟ್ಟು ಹಿಡಿದು ಕೂರಿಸಿಕೊಂಡಳು, ಮತ್ತೆ ಕೆಟ್ಟರೆ ಎಂಬ ಭಯಕ್ಕೆ. ಹುಡುಗ ಕಾಣಿಸಿದ. ತೆಳ್ಳಗೆ, ಎಣ್ಣೆ ಹಚ್ಚಿ ಬಾಚಿದ ತಲೆ. ಅವನ ಕಡೆಯಿಂದ ಕುಕ್ಕರ್ ಸೀಟಿ, ಯಾರೋ ಮಗುವನ್ನು ಗದರುವುದು, ಆಟೋ ಹಾರ್ನ್, ಎಲ್ಲ ನಮ್ಮ ಕೋಣೆಗೆ ಬಂತು. ಆ ಇಬ್ಬರಿಗೂ ಅದರ ಗೊಡವೆಯೇ ಇಲ್ಲ. ಅವಳು ಕೈ ಎತ್ತಿ ಕೇಳಿದಳು.

ಅವನು ಉತ್ತರ ಕೊಟ್ಟ. ಅವಳು ಮುಂದಕ್ಕೆ ಬಾಗಿದಳು. ಮತ್ತೇನೋ ಕೇಳಿದಳು. ಆಮೇಲೆ ಇಬ್ಬರ ಕೈಗಳೂ ಶುರುವಾದವು, ನಿಲ್ಲುವ ಮಾತೇ ಇಲ್ಲ. ಅವಳು ವಾದ ಮಾಡಿದಳು, ಅಣಕಿಸಿದಳು, ಹುಬ್ಬು ಹಾರಿಸಿದಳು, ಒಮ್ಮೆ ಅವನನ್ನು ಬೈದೇಬಿಟ್ಟಳು, ಅದು ನನಗೂ ಅರ್ಥವಾಯಿತು. ನಕ್ಕು ನಕ್ಕು ಹಾಸಿಗೆಗೆ ಗುದ್ದಿದಳು.

ಬಾಗಿಲಲ್ಲಿ ನಿಂತ ತಂದೆ ರೆಪ್ಪೆ ಮುಚ್ಚದೆ ನೋಡುತ್ತಿದ್ದರು. ಇಷ್ಟು ದಿನ ಅವಳು ಅವನ ಜೊತೆ ಮಾತಾಡುವಾಗ ಮರ್ಯಾದೆಗೆಂದು ಬಾಗಿಲು ಎಳೆದುಕೊಂಡು ಹೊರಗಿರುತ್ತಿದ್ದವರು. ಶಾಲೆಯ ವರ್ಷಗಳೆಲ್ಲ ಹಾಸ್ಟೆಲಿನಲ್ಲೇ ಕಳೆದಿದ್ದವು. ಮನೆಯಲ್ಲಿ ಅವಳ ಜೊತೆ ಅವರದು ನಾಲ್ಕೇ ಸನ್ನೆ: ಬಾ, ಉಣ್ಣು, ಮಲಗು, ಲೈಟ್ ಆರಿಸು.

“ಇಷ್ಟ್ ಮಾತಾಡ್ತಾಳೇನ್ರಿ ನಮ್ ಹುಡುಗಿ?” ಎಂದರು, ನನಗೆ ಮಾತ್ರ ಕೇಳುವ ಹಾಗೆ. “ನಾ ಆಕಿ ಭಾಳ ಶಾಂತ ಅಂತ ಮಾಡಿದ್ನಿ.”

ಕರೆ ಮುಗಿಯಿತು. ಅವಳು ಅಪ್ಪನನ್ನು ಕಂಡಳು. ಯಾಕೆ ಹಾಗನ್ನಿಸಿತೋ, ಪರದೆಯ ಮೇಲೆ ಖಾಲಿ ಪುಟ ತೆರೆದು ಮರಾಠಿಯಲ್ಲಿ ಟೈಪ್ ಮಾಡಿದಳು. ತಾನು ಕೇಳಿದ ಪ್ರಶ್ನೆ, ಅದರ ಕೆಳಗೆ ಅವನು ಕೊಟ್ಟ ಉತ್ತರ. ಲ್ಯಾಪ್‌ಟಾಪನ್ನು ಅಪ್ಪನ ಕಡೆ ತಿರುಗಿಸಿದಳು. ಅವರು ಓದಿ, ಹೆಂಡತಿಗಾಗಿ ಕನ್ನಡ ಮಾಡಿ ಹೇಳತೊಡಗಿದರು.

“ಮಗುವಿಗಿ ಕೇಳಸಲಿಲ್ಲಂದ್ರ ಅಳಲ್ಲ ಅಂತ. ಕೇಳಸ್ತು, ಆದ್ರ ನಮ್ ಕೈಮಾತು ಕಲೀಲಿಲ್ಲ ಅಂದ್ರ…” ಅಲ್ಲಿಗೆ ಅವರು ಓದುವುದು ಬಿಟ್ಟು ಮಗಳ ಕೈ ನೋಡಿದರು. ಮುಂದಿನದನ್ನು ನಾನೇ ಹೇಳಬೇಕಾಯಿತು. “ಆಗ ಅಳ್ತೀನಿ ಅಂದಾನ್ರಿ.”

ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. ಒಳಗೆ ಫೋನ್ ಬಡಿದುಕೊಳ್ಳತೊಡಗಿತು. ಹುಡುಗನ ಕಡೆಯವರೇ ಇರಬೇಕು, ಉತ್ತರ ಕೇಳಲು. ತಂದೆ ಅತ್ತ ಹೋಗಲಿಲ್ಲ.

“ಅಕ್ಕೋರೆ, ಆಕಿಗಿ ಮನಸ್ಸದನ ಅಂತ ಸ್ವಲ್ಪ ಬರ್ದು ಕೇಳ್ರಿ” ಎಂದವರು, ನಾನು ಮೊಬೈಲಿಗೆ ಕೈ ಹಾಕುವಷ್ಟರಲ್ಲಿ “ಬ್ಯಾಡ, ತಡೀರಿ. ನಾನೇ ಕೇಳ್ತೀನಿ” ಎಂದು ಮಗಳ ಎದುರು ನೆಲದ ಮೇಲೆ ಕೂತರು. ಎರಡೂ ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಮನಸ್ಸು ಎನ್ನುವುದಕ್ಕೆ ಸನ್ನೆ ಅವರಿಗೆ ಗೊತ್ತಿರಲಿಲ್ಲ.

ಮಗಳು ಮಂಚದಿಂದಿಳಿದು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈ ಹಿಡಿದು, ಅದನ್ನು ಹೇಗೆ ಕೇಳಬೇಕೆಂದು ತೋರಿಸಿಕೊಟ್ಟಳು. ಅವರು ಕೇಳಿದರು.